ದುಡ್ಡು ಕೊಟ್ಟು ದುಡಿಯುವ ಹಡಗು: ಹಾಯಿ ತರಬೇತಿಗೆ ಹೋಗಬೇಕೆ?

ಪ್ರಶ್ನೆ: ನನಗೆ 23 ವರ್ಷ. ಊರು ರಾಣೆಬೆನ್ನೂರಿನ ಹತ್ತಿರ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದೇನೆ. ಕಾರವಾರದಲ್ಲಿ ನೌಕಾಪಡೆಗೆ ಸೇರಿದ, ಹಲಗೆಗಳನ್ನು ಹಗ್ಗದಿಂದ ಹೊಲಿದು ಕಟ್ಟಿದ ಹಡಗು ‘ಕೌಂಡಿನ್ಯ’ದ ಸುದ್ದಿ ಓದಿದ ಮೇಲೆ ಹಾಯಿಹಡಗಿನ ಹುಚ್ಚು ಹಿಡಿದಿದೆ. ಯುರೋಪಿನ ತರಬೇತಿ ಹಾಯಿಹಡಗೊಂದರಲ್ಲಿ ‘ಟ್ರೈನಿ ಡೆಕ್ ಕ್ರೂ’ ಕೆಲಸವಿದೆ, ಮೂರೂವರೆ ಲಕ್ಷ ಕಟ್ಟಿದರೆ ಮೂರು ತಿಂಗಳ ನಂತರ ಸಂಬಳ ಶುರುವಾಗುತ್ತದೆ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ದುಡಿಯಲು ನಾವೇ ದುಡ್ಡು ಕೊಡುವುದೆಂದರೆ ಮೋಸವೇ ಎಂದು ಸೋದರಮಾವ ಹೇಳುತ್ತಾರೆ. ಹಡಗಿನ ಹಾಯಿಕಂಬ ಹತ್ತುವ ವಿಡಿಯೊ ನೋಡಿದ ಅಮ್ಮ ಊಟ ಬಿಟ್ಟಿದ್ದಾರೆ. ನನಗೆ ಈಜು ಅಷ್ಟಕ್ಕಷ್ಟೇ. ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನಲ್ಲೇ ವಾಂತಿಯಾಗುತ್ತದೆ. ಸಸ್ಯಾಹಾರಿ ಬೇರೆ. ಈ ಅನುಭವ ಮುಂದೆ ಮರ್ಚೆಂಟ್ ನೇವಿಗೆ ಲೆಕ್ಕಕ್ಕೆ ಬರುತ್ತದೆಯೇ? ಹೋಗಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಗಂಟು ಬಿದ್ದಿರುವುದು ಒಂದೇ ಕಡೆ. ನೀವು ಹೊರಟಿರುವುದು ಉದ್ಯೋಗಕ್ಕೋ ತರಬೇತಿಗೋ ಎಂಬುದು ನಿಮಗೆ ಸ್ಪಷ್ಟವಾಗಿಲ್ಲ. ಸ್ಪಷ್ಟವಾಗದಂತೆ ಏಜೆಂಟರು ನೋಡಿಕೊಂಡಿದ್ದಾರೆ. ಅದನ್ನು ಮೊದಲು ಬಿಡಿಸೋಣ.

ನಿಮ್ಮ ಮಾವನ ಮಾತು ಅರ್ಧ ಸರಿ. ಹಾಯಿ ತರಬೇತಿ ಹಡಗುಗಳಲ್ಲಿ ಎರಡು ಬಗೆಯ ಜನ ಇರುತ್ತಾರೆ. ಕ್ಯಾಪ್ಟನ್, ಮೇಟ್‌ಗಳು (ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿಗಳು), ಬೋಸನ್ (ಡೆಕ್ ಕೆಲಸಗಾರರ ಮೇಸ್ತ್ರಿ), ಎಂಜಿನಿಯರ್, ಅಡುಗೆಯವರು ಮತ್ತು ಕೆಲವೇ ಮಂದಿ ಡೆಕ್ ಕೆಲಸಗಾರರು ಸಂಬಳದವರು. ಉಳಿದವರೆಲ್ಲ ಟ್ರೈನಿಗಳು, ಅವರು ಹಣ ಕಟ್ಟಿಯೇ ಬಂದಿರುತ್ತಾರೆ. 1911ರಲ್ಲಿ ಕಟ್ಟಿದ ಡಚ್ ಹಡಗು ‘ಯುರೋಪಾ’, ಕೆನಡಾದ ಲುನೆನ್‌ಬರ್ಗ್‌ನಿಂದ ಹೊರಡುವ ‘ಪಿಕ್ಟನ್ ಕ್ಯಾಸಲ್’ ಎರಡೂ ಹೀಗೆಯೇ ನಡೆಯುತ್ತವೆ. ಇವು ಸರಕು ಸಾಗಿಸಿ ದುಡಿಯುವ ಹಡಗುಗಳಲ್ಲ. ಬಣ್ಣ, ಹಗ್ಗ, ಹಾಯಿಬಟ್ಟೆ, ವಿಮೆ, ಡ್ರೈಡಾಕ್ (ಹಡಗನ್ನು ನೀರಿನಿಂದ ಹೊರಗಿಟ್ಟು ಮಾಡುವ ದುರಸ್ತಿ) ಖರ್ಚೆಲ್ಲ ಬಹುಮಟ್ಟಿಗೆ ಟ್ರೈನಿಗಳ ಶುಲ್ಕದಿಂದಲೇ ಹುಟ್ಟಬೇಕು. ಹಲವು ಹಡಗುಗಳಲ್ಲಿ ಅದು ದಿನಕ್ಕೆ 100 ಯೂರೋ ದಾಟುತ್ತದೆ. ಹಣ ಕೊಟ್ಟ ಮಾತ್ರಕ್ಕೆ ನೀವು ಪ್ರವಾಸಿಯಲ್ಲ. ಚುಕ್ಕಾಣಿ ಹಿಡಿಯುವುದು, ಹಗ್ಗ ಎಳೆಯುವುದು, ಶೌಚಾಲಯ ತೊಳೆಯುವುದು ಎಲ್ಲ ನಿಮ್ಮದೇ. ಇದರಲ್ಲಿ ಮುಚ್ಚುಮರೆಯಿಲ್ಲ, ಮೋಸವೂ ಇಲ್ಲ.

ಮೋಸದ ವಾಸನೆ ಬರುವುದು ‘ಮೂರು ತಿಂಗಳ ನಂತರ ಸಂಬಳ’ ಎಂಬ ಕಡೆ. ಟ್ರೈನಿಯಾಗಿ ಹತ್ತಿದವರು ಚೆನ್ನಾಗಿ ದುಡಿದು ಮುಂದೆ ಅದೇ ಹಡಗಿನ ಸಂಬಳದ ಡೆಕ್‌ಹ್ಯಾಂಡ್ ಆಗುವುದುಂಟು. ಆದರೆ ಅದು ಕ್ಯಾಪ್ಟನ್ ನೋಡಿ ತೀರ್ಮಾನಿಸುವ ವಿಷಯ, ಮುಂಗಡವಾಗಿ ಮಾರಾಟಕ್ಕಿಟ್ಟ ಸರಕಲ್ಲ. ಅದಿರಲಿ, ಭಾರತದಲ್ಲಿ ನಾವಿಕರನ್ನು ಹಡಗಿಗೆ ಸೇರಿಸುವ ಸಂಸ್ಥೆಗೆ ಕೇಂದ್ರ ಸರ್ಕಾರದ ಹಡಗು ಇಲಾಖೆ ಡಿ.ಜಿ. ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ (ನಾವಿಕರ ನೇಮಕಾತಿ) ಪರವಾನಗಿ ಇರಲೇಬೇಕು. ಪರವಾನಗಿ ಇದ್ದವರೂ ಕೆಲಸ ಕೊಡಿಸಲು ನಿಮ್ಮಿಂದ ಹಣ ಪಡೆಯುವಂತಿಲ್ಲ. 2016ರ ನೇಮಕಾತಿ ನಿಯಮಗಳೂ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದವೂ ಇದನ್ನೇ ಹೇಳುತ್ತವೆ. ಪಾಸ್‌ಪೋರ್ಟ್, ವೈದ್ಯಕೀಯ ತಪಾಸಣೆಯಂಥ ಸ್ವಂತ ಖರ್ಚುಗಳ ಮಾತು ಬೇರೆ. ಆದ್ದರಿಂದ ಏಜೆಂಟರು ಹೇಳುತ್ತಿರುವುದು ಉದ್ಯೋಗವಾದರೆ ಮೂರೂವರೆ ಲಕ್ಷ ಕೇಳುವ ಹಕ್ಕು ಅವರಿಗಿಲ್ಲ. ತರಬೇತಿಯಾದರೆ ಆ ಹಣ ಹಡಗಿನ ಕಚೇರಿಗೆ ನೇರವಾಗಿ ಹೋಗಬೇಕು, ನಡುವೆ ಅವರ ಅಗತ್ಯವೇ ಇಲ್ಲ.

ಹಡಗಿನ ಹೆಸರು, ಧ್ವಜ (ಅದು ಯಾವ ದೇಶದಲ್ಲಿ ನೋಂದಣಿಯಾಗಿದೆ), ಹಡಗನ್ನು ಗುರುತಿಸುವ ಏಳು ಅಂಕಿಯ ಐಎಂಒ ಸಂಖ್ಯೆ ಕೇಳಿ. ಅವನ್ನು ಇಟ್ಟುಕೊಂಡು ಆ ಹಡಗಿನ ಕಚೇರಿಗೆ ನೀವೇ ಇಮೇಲ್ ಬರೆಯಿರಿ, ಇಂಥ ಏಜೆಂಟರು ಹಡಗಿನವರ ಪರವಾಗಿ ಹಣ ಪಡೆಯುತ್ತಾರೆಯೇ ಎಂದು ಕೇಳಿ. ಹಡಗಿನ ಹೆಸರು ಹೇಳಲು ಏಜೆಂಟರು ತಡವರಿಸಿದರೆ ಇಮೇಲ್ ಬರೆಯುವ ಶ್ರಮವೂ ಬೇಡ.

ಇನ್ನು ಅಮ್ಮನ ಭಯ. ಬಹುತೇಕ ನಾಗರಿಕ ತರಬೇತಿ ಹಡಗುಗಳಲ್ಲಿ ಟ್ರೈನಿಗಳು ಕಂಬ ಹತ್ತುವುದು ಕಡ್ಡಾಯವಲ್ಲ. ಇಡೀ ಯಾನವನ್ನು ಡೆಕ್ ಮೇಲೆಯೇ ಕಳೆದು, ಎಲ್ಲರಿಗೂ ಬೇಕಾದವರಾಗಿ ಇಳಿದವರನ್ನು ನಾನು ನೋಡಿದ್ದೇನೆ. ಹಗ್ಗದ ಕೆಲಸ ಮುಕ್ಕಾಲು ಪಾಲು ಕೆಳಗೇ ನಡೆಯುತ್ತದೆ. ಮೂರು ಕಂಬದ ಬಾರ್ಕ್ ಮಾದರಿಯ ಹಾಯಿಹಡಗೊಂದರಲ್ಲಿ ನೂರಕ್ಕೂ ಹೆಚ್ಚು ಹಗ್ಗಗಳಿರುತ್ತವೆ, ಪ್ರತಿಯೊಂದಕ್ಕೂ ಹೆಸರುಂಟು, ಕಟ್ಟುವ ಗೂಟವೂ ಗೊತ್ತಾದದ್ದೇ. ಕತ್ತಲಲ್ಲಿ ಕೈಹಾಕಿದರೆ ಸರಿಯಾದ ಹಗ್ಗವೇ ಸಿಗಬೇಕು. ಆ ಮಟ್ಟಕ್ಕೆ ಬಂದವರಿಗೆ ಕಂಬ ಹತ್ತಿದವರಿಗಿಂತ ಹೆಚ್ಚು ಮರ್ಯಾದೆ.

ನೀವು ಹತ್ತುವುದೇ ಆದರೆ ನಿಯಮಗಳನ್ನು ಅಮ್ಮನಿಗೂ ವಿವರಿಸಿ. ಗಾಳಿ ಬೀಸಿ ಬರುವ ಬದಿಯಿಂದಲೇ ಹತ್ತಬೇಕು. ಆಗ ಹಡಗು ವಾಲಿದರೂ ನೀವು ಹಗ್ಗದ ಏಣಿಯ ಮೇಲೆ ಒರಗಿದಂತಿರುತ್ತೀರಿ, ಗಾಳಿಯೂ ಅತ್ತಲೇ ಒತ್ತುತ್ತದೆ. ಕೈ ಹಿಡಿಯಬೇಕಾದ್ದು ಕಂಬವನ್ನು ಬಿಗಿದಿರುವ ದಪ್ಪ ಶ್ರೌಡ್‌ಗಳನ್ನು. ಅಡ್ಡಡ್ಡ ಕಟ್ಟಿದ ಮೆಟ್ಟಿಲು ಹಗ್ಗಗಳನ್ನು ಹಿಡಿಯಬಾರದು, ಅವು ಸವೆದು ಕಿತ್ತುಬರಬಹುದು. ಹಾಯಿ ಕಟ್ಟುವ ಅಡ್ಡಮರದ ಕೆಳಗೆ ಕಾಲಿಡಲು ಒಂದು ಹಗ್ಗ ತೂಗುತ್ತಿರುತ್ತದೆ. ಅದರ ಮೇಲೆ ಕಾಲಿಡುವ ಮೊದಲು ಜೋರಾಗಿ ಕೂಗಿ ತಿಳಿಸಬೇಕು. ನಿಮ್ಮ ಭಾರಕ್ಕೆ ಅದು ಜಗ್ಗಿದಾಗ ಆಗಲೇ ಅಲ್ಲಿ ನಿಂತವರು ಗಕ್ಕನೆ ಮೇಲಕ್ಕೆ ಏಳುತ್ತಾರೆ. ಜೇಬಿನಲ್ಲಿ ಮೊಬೈಲ್ ಸೇರಿದಂತೆ ಏನೂ ಇರಬಾರದು, ಚಾಕುವಿಗೆ ದಾರ ಕಟ್ಟಿರಬೇಕು. ಅಡ್ಡಮರದ ಮೇಲೆ ಹೊಸಬರಿಗೆ ನಿಜಕ್ಕೂ ಕಷ್ಟವಾಗುವುದು ಕೆಳಗೆ ನೋಡುವುದಲ್ಲ. ಬಿಗಿಹಿಡಿದ ಬೆರಳು ಸಡಿಲಿಸಿ, ಹೊಟ್ಟೆಯನ್ನು ಮರಕ್ಕೆ ಆನಿಸಿ, ಎರಡೂ ಕೈಗಳಿಂದ ಹಾಯಿಬಟ್ಟೆಯನ್ನು ಮೇಲಕ್ಕೆ ಎಳೆದುಕೊಳ್ಳುವುದು. ಬಟ್ಟೆ ಒದ್ದೆಯಾಗಿದ್ದರೆ ಹಲಗೆಯಷ್ಟು ಗಟ್ಟಿ, ಉಗುರು ಕಿತ್ತುಬರುತ್ತದೆ.

ಒಂದು ವಿಷಯವನ್ನು ಮಾತ್ರ ಮುಚ್ಚಿಡಬೇಡಿ. ಮೇಲೆ ಕೆಲಸ ಮಾಡುವಾಗ ಹಾರ್ನೆಸ್ಸಿನ (ಮೈಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ) ಕೊಕ್ಕೆ ಹಾಕಿಕೊಳ್ಳುತ್ತಾರೆ. ಆದರೆ ಹತ್ತುವಾಗ ಮತ್ತು ಇಳಿಯುವಾಗ ಹಲವು ಹಡಗುಗಳಲ್ಲಿ ನಿಮ್ಮನ್ನು ಹಿಡಿದಿಡುವುದು ನಿಮ್ಮ ಕೈಕಾಲು ಮಾತ್ರ. ಕೆಲವು ಹಡಗುಗಳು ಅಲ್ಲಿಗೂ ಸುರಕ್ಷಾ ಹಗ್ಗ ಅಳವಡಿಸಿವೆ. ನಿಮ್ಮ ಹಡಗಿನಲ್ಲಿ ಹೇಗೆ ಎಂದು ಕೇಳುವುದು ನಿಮ್ಮ ಹಕ್ಕು. 2010ರ ನವೆಂಬರ್‌ನಲ್ಲಿ ಜರ್ಮನ್ ನೌಕಾಪಡೆಯ ‘ಗೋರ್ಕ್ ಫೋಕ್’ ಹಡಗಿನ ಕೆಡೆಟ್ (ಅಧಿಕಾರಿ ತರಬೇತಿಯಲ್ಲಿರುವವರು) ಒಬ್ಬರು ಕಂಬದಿಂದ ಬಿದ್ದು ತೀರಿಕೊಂಡರು. ಹಡಗು ಆಗ ಬ್ರೆಜಿಲಿನ ಸಾಲ್ವಡೋರ್ ಬಂದರಿನಲ್ಲಿ ನಿಂತಿತ್ತು, ಬಿರುಗಾಳಿಯೇನೂ ಇರಲಿಲ್ಲ. ಇಂಥ ಸಾವು ಅಪರೂಪ. ಹಾಗೆಂದು, ಬೇರೆಯವರು ನೋಡುತ್ತಿದ್ದಾರೆಂಬ ಹಟಕ್ಕೆ ಬಿದ್ದು ಹತ್ತಬೇಡಿ. ಬೋಸನ್ ಬೇಡವೆಂದ ದಿನ ವಾದವನ್ನೂ ಮಾಡಬೇಡಿ.

ಹಳೆಯ ಹಾಯಿಹಡಗು ಬಿರುಗಾಳಿಗೆ ಸಿಕ್ಕರೆ ಮುಳುಗಿಯೇ ಹೋಗುತ್ತದೆ ಎಂಬುದು ಇನ್ನೊಂದು ನಂಬಿಕೆ. ಮುಳುಗಿದ, ಅಪಘಾತಕ್ಕೀಡಾದ ಹಡಗುಗಳ ಕಥೆಯನ್ನು ಒಂದೊಂದಾಗಿ ನೋಡಿದರೆ ಬೇರೆಯೇ ಕಾಣುತ್ತದೆ. 1957ರಲ್ಲಿ ಜರ್ಮನಿಯ ‘ಪಾಮಿರ್’ ಅಟ್ಲಾಂಟಿಕ್‌ನಲ್ಲಿ ಚಂಡಮಾರುತಕ್ಕೆ ಸಿಕ್ಕಿತು ನಿಜ, ಆದರೆ ಅದರ ಹೊಟ್ಟೆಯಲ್ಲಿದ್ದ ಬಾರ್ಲಿ ಒಂದು ಬದಿಗೆ ಜಾರಿದ್ದರಿಂದ ಹಡಗು ವಾಲಿ ಮತ್ತೆ ಏಳಲಿಲ್ಲ. 86 ಜನರಲ್ಲಿ ಉಳಿದವರು 6. ಕೆನಡಾದ ಶಾಲಾ ಹಡಗು ‘ಕಾನ್‌ಕಾರ್ಡಿಯಾ’ 2010ರಲ್ಲಿ ಬ್ರೆಜಿಲ್ ಕರಾವಳಿಯಾಚೆ ಮಗುಚಿತು. ಗಾಳಿ ಬಲಿಯುವ ಮುನ್ನ ಹಾಯಿ ತಗ್ಗಿಸಿರಲಿಲ್ಲ, ತೆರೆದಿದ್ದ ಬಾಗಿಲು ಕಿಂಡಿಗಳಿಂದ ನೀರು ಒಳನುಗ್ಗಿತು. ಅದೃಷ್ಟಕ್ಕೆ 64 ಜನರೂ ಬದುಕಿದರು. 2012ರಲ್ಲಿ ಅಮೆರಿಕದ ‘ಬೌಂಟಿ’ ಬಂದರಿನಲ್ಲಿ ಉಳಿಯದೆ, ಸ್ಯಾಂಡಿ ಚಂಡಮಾರುತ ಬರುತ್ತಿದೆಯೆಂದು ಗೊತ್ತಿದ್ದೂ ಹೊರಟಿತು. ಇಬ್ಬರು ಸತ್ತರು, ಅವರಲ್ಲಿ ಕ್ಯಾಪ್ಟನ್ ಒಬ್ಬರು. 2025ರ ಮೇ 17ರಂದು ಮೆಕ್ಸಿಕೊ ನೌಕಾಪಡೆಯ ‘ಕುವಾಟೆಮೊಕ್’ ನ್ಯೂಯಾರ್ಕ್‌ನ ಬ್ರೂಕ್ಲಿನ್ ಸೇತುವೆಗೆ ಬಡಿದಾಗ ಹಾಯಿಗಳನ್ನು ಬಿಚ್ಚಿರಲೇ ಇಲ್ಲ, ಹಡಗು ಹಿಮ್ಮುಖವಾಗಿ ಸಾಗುತ್ತಿತ್ತು. ಆಗ ಕೆಡೆಟ್‌ಗಳು ಅಡ್ಡಮರಗಳ ಮೇಲೆ ಸಾಲಾಗಿ ನಿಂತಿದ್ದರು. ಇಬ್ಬರು ಪ್ರಾಣ ಕಳೆದುಕೊಂಡರು.

ಈ ನಾಲ್ಕರಲ್ಲೂ ಗಾಳಿಗಿಂತ ದೊಡ್ಡ ಪಾಲು ತುಂಬಿದ ಸರಕು, ತೆರೆದ ಬಾಗಿಲು, ತಪ್ಪು ನಿರ್ಧಾರ, ಎಂಜಿನ್ ಇವುಗಳದು. ಹಾಗಾಗಿ ಹಡಗಿನ ವಯಸ್ಸು ಕೇಳಿ ಹೆದರುವುದಕ್ಕಿಂತ ಕಚೇರಿಗೆ ಬೇರೆ ಪ್ರಶ್ನೆ ಹಾಕಿ: ಹಡಗುಗಳ ಗಟ್ಟಿತನ ನೋಡಿ ಪ್ರಮಾಣಪತ್ರ ಕೊಡುವ ಯಾವ ವರ್ಗೀಕರಣ ಸಂಸ್ಥೆ ಹಡಗನ್ನು ಪರಿಶೀಲಿಸುತ್ತದೆ, ಕಳೆದ ಡ್ರೈಡಾಕ್ ಯಾವಾಗ, ಅಪಾಯದಲ್ಲಿ ಹಡಗು ತೊರೆಯುವ ಅಭ್ಯಾಸವನ್ನು ಟ್ರೈನಿಗಳಿಗೆ ಹೊರಡುವ ಮುನ್ನ ಮಾಡಿಸುತ್ತೀರೋ ಹೊರಟ ಮೇಲೋ, ಸಂಬಳದ ಸಿಬ್ಬಂದಿ ಎಷ್ಟು ವರ್ಷದಿಂದ ಇದ್ದಾರೆ. ಈ ಕೊನೆಯದಕ್ಕೆ ಬರುವ ಉತ್ತರವನ್ನು ನಾನು ಹೆಚ್ಚು ನಂಬುತ್ತೇನೆ. ಪ್ರತಿ ಋತುವಿಗೂ ಮೇಟ್ ಬದಲಾಗುವ ಹಡಗಿನಲ್ಲಿ ಏನೋ ಸರಿಯಿಲ್ಲ.

ನೀವು ಪತ್ರದಲ್ಲಿ ಕೇಳದೇ ಇದ್ದದ್ದು ನಿದ್ದೆಯ ಬಗ್ಗೆ, ನಿಮ್ಮನ್ನು ಹೆಚ್ಚು ಕಾಡುವುದು ಅದೇ. ಸಾಮಾನ್ಯ ಕ್ರಮವೆಂದರೆ ನಾಲ್ಕು ಗಂಟೆ ಪಾಳಿ, ಎಂಟು ಗಂಟೆ ಬಿಡುವು. ಮಧ್ಯರಾತ್ರಿ 12ರಿಂದ 4ರ ಪಾಳಿ ಬಿತ್ತೆಂದರೆ ಮಧ್ಯಾಹ್ನವೂ 12ರಿಂದ 4. ಬಿಡುವೆನ್ನುವ ಎಂಟು ಗಂಟೆಯೊಳಗೇ ಊಟ, ಸ್ವಚ್ಛತೆ, ಪಾಠ ಎಲ್ಲ. ಗಾಳಿ ಹೆಚ್ಚಾಗಿ ಎಲ್ಲರೂ ಮೇಲೆ ಬನ್ನಿ ಎಂದು ಕರೆ ಬಂದರೆ ಆ ನಿದ್ದೆಯೂ ಹೋಯಿತು. ಇಂಥ ಕಡೆ ಜಗಳ ಹುಟ್ಟುವುದು ದೊಡ್ಡ ಕಾರಣಗಳಿಂದಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಚುಕ್ಕಾಣಿ ವಹಿಸಿಕೊಳ್ಳಬೇಕಾದವರು ನಾಲ್ಕೂ ಹತ್ತಕ್ಕೆ ಬಂದರೆ, ಮಳೆಯಲ್ಲಿ ನೆನೆಯುತ್ತ ಕಾದವರು ಆ ಹತ್ತು ನಿಮಿಷವನ್ನು ಯಾನ ಮುಗಿಯುವವರೆಗೂ ಮರೆಯುವುದಿಲ್ಲ. ಐದು ನಿಮಿಷ ಮೊದಲೇ ಬಂದು, ಹಡಗು ಯಾವ ದಿಕ್ಕಿಗೆ ಹೋಗುತ್ತಿದೆ, ಸುತ್ತ ಯಾವ ದೀಪ ಕಾಣುತ್ತಿದೆ ಎಂದು ಕೇಳಿಕೊಳ್ಳುವವರು ಹಗ್ಗದ ಹೆಸರು ತಪ್ಪು ಹೇಳಿದರೂ ನಡೆಯುತ್ತದೆ.

ಹಗಲಿನ ಕೆಲಸವೂ ವಿಡಿಯೊಗಳಲ್ಲಿ ಕಂಡಂತಿರುವುದಿಲ್ಲ. ಉಕ್ಕಿನ ಹಡಗಾದರೆ ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು, ಮತ್ತೆ ಕೆರೆಯುವುದು. ಹಗ್ಗಕ್ಕೆ, ತಂತಿಗೆ ಟಾರು ಸವರಿ, ಅದರ ಮೇಲೆ ಬಟ್ಟೆ ಸುತ್ತಿ, ಬಟ್ಟೆಯ ಮೇಲೆ ಸಣ್ಣ ಹುರಿಯನ್ನು ಒತ್ತೊತ್ತಾಗಿ ಬಿಗಿಯುವ ಕೆಲಸವೊಂದಿದೆ. ಒಂದು ಮೊಳ ಮುಗಿಸಲು ಅರ್ಧ ದಿನ ಹಿಡಿದರೂ ಅಚ್ಚರಿಯಿಲ್ಲ. ಟಾರಿನ ವಾಸನೆ ತಲೆಗೂದಲಿನಿಂದ ವಾರಗಟ್ಟಲೆ ಹೋಗುವುದಿಲ್ಲ. ನನಗೆ ಬಹಳ ಇಷ್ಟವಾದ ಕೆಲಸ ಅದು, ಎಲ್ಲರಿಗೂ ಹಿಡಿಸಬೇಕೆಂದೇನಿಲ್ಲ.

ಈಜಿನ ಬಗ್ಗೆ ಅಷ್ಟು ಚಿಂತೆ ಬೇಡ. ಚಲಿಸುವ ಹಾಯಿಹಡಗಿನಿಂದ ನೀರಿಗೆ ಬಿದ್ದವರನ್ನು ಉಳಿಸುವುದು ಅವರ ಈಜಲ್ಲ. ಲೈಫ್ ಜಾಕೆಟ್, ಬಿದ್ದದ್ದನ್ನು ಕಂಡು ಬೆರಳು ತೋರಿಸುತ್ತಲೇ ಇರುವ ಒಬ್ಬ ಮನುಷ್ಯ, ಬೇಗ ಇಳಿಸಿದ ದೋಣಿ ಇವು ಉಳಿಸುತ್ತವೆ. ನೀರಿನ ಹೆದರಿಕೆಯಿದ್ದರೆ ಮಾತ್ರ ಅದನ್ನು ಮೊದಲು ಕಳೆದುಕೊಳ್ಳಿ. ಮುಂದೆ ವೃತ್ತಿಗೆ ಬರುವುದಾದರೆ ಎಸ್‌ಟಿಸಿಡಬ್ಲ್ಯು (ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಮಾನದಂಡ) ಮೂಲ ಸುರಕ್ಷತಾ ಕೋರ್ಸಿನಲ್ಲಿ ಜಾಕೆಟ್ ತೊಟ್ಟು ಎತ್ತರದಿಂದ ಕೊಳಕ್ಕೆ ಹಾರಬೇಕು, ಮಗುಚಿದ ರಬ್ಬರ್ ತೆಪ್ಪವನ್ನು ನೀರಿನಲ್ಲಿದ್ದುಕೊಂಡೇ ನೆಟ್ಟಗೆ ಮಾಡಬೇಕು.

ಆಗುಂಬೆ ಘಾಟಿಯಲ್ಲಿ ವಾಂತಿಯಾಗುವವರಿಗೆ ಕಡಲಲ್ಲೂ ಆಗುವ ಸಂಭವ ಹೆಚ್ಚು. ಕಣ್ಣು ಹೇಳುವುದಕ್ಕೂ ಒಳಕಿವಿ ಹೇಳುವುದಕ್ಕೂ ತಾಳೆಯಾಗದೆ ಹುಟ್ಟುವ ತೊಂದರೆ ಇದು, ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಬ್ರಿಟನ್ನಿನ ಅಡ್ಮಿರಲ್ ನೆಲ್ಸನ್‌ಗೆ ಕೊನೆಯವರೆಗೂ ಇಳಿಯಲಿಲ್ಲ, ಆದರೂ ಯುದ್ಧ ಗೆದ್ದರು. ವೈದ್ಯರನ್ನು ಕೇಳಿ ಸಿನ್ನರಿಜಿನ್‌ನಂಥ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಿ, ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅದು ಮಂಪರು ತರಿಸುತ್ತದೆ, ಆ ದಿನಗಳಲ್ಲಿ ಕಂಬದ ಕಡೆ ಸುಳಿಯಬೇಡಿ. ಕೆಳಗಿನ ಕೋಣೆಯಲ್ಲಿ ಮುದುಡಿ ಮಲಗುವುದಕ್ಕಿಂತ ಚುಕ್ಕಾಣಿ ಹಿಡಿದು ದಿಗಂತ ನೋಡುತ್ತ ನಿಂತರೆ ಬೇಗ ಸುಧಾರಿಸುತ್ತದೆ. ವಾಂತಿ ಮಾಡುವುದಾದರೆ ಗಾಳಿ ಬೀಸಿಹೋಗುವ ಬದಿಗೆ ಹೋಗಿ, ಎದುರು ಬದಿಗೆ ಹೋದರೆ ನಿಮ್ಮ ಮೇಲೇ ಬೀಳುತ್ತದೆ.

ಮರ್ಚೆಂಟ್ ನೇವಿಗೆ ಲೆಕ್ಕವಾಗುತ್ತದೆಯೇ? ನೀವು ಅಂದುಕೊಂಡ ಅರ್ಥದಲ್ಲಿ ಇಲ್ಲ. ಭಾರತದಲ್ಲಿ ಡೆಕ್ ಅಧಿಕಾರಿಯಾಗಲು ಅನುಮೋದಿತ ಕೋರ್ಸ್ ಮುಗಿಸಿ, ವ್ಯಾಪಾರಿ ಹಡಗಿನಲ್ಲಿ ಕೆಡೆಟ್ ಆಗಿ, ತರಬೇತಿ ದಾಖಲೆ ಪುಸ್ತಕ ತುಂಬಿಸುತ್ತ ಸಮುದ್ರ ಸೇವೆ ಮಾಡಬೇಕು. ಹಣ ಕಟ್ಟಿ ಹೋದ ಹಾಯಿಯಾನವೂ ಇದಕ್ಕೆ ಸೇರುತ್ತದೆಂದು ಯಾರಾದರೂ ಹೇಳಿದರೆ ಡಿ.ಜಿ. ಶಿಪ್ಪಿಂಗ್‌ನಿಂದ ಬರಹದಲ್ಲಿ ತರಲು ಹೇಳಿ. ಆದರೆ ನಿಮ್ಮ ಕೈಯಲ್ಲೇ ಇರುವ ಬೀಗದ ಕೈಯನ್ನು ನೀವು ಗಮನಿಸಿದಂತಿಲ್ಲ. ಈಗಿನ ಬಹುತೇಕ ದೊಡ್ಡ ಹಾಯಿಹಡಗುಗಳಲ್ಲಿ ಎಂಜಿನ್, ಜನರೇಟರ್, ಉಪ್ಪುನೀರನ್ನು ಸಿಹಿನೀರು ಮಾಡುವ ಯಂತ್ರ ಇರುತ್ತವೆ. ಹಾಯಿ ಎಳೆಯಲು ಆಸೆಪಡುವವರು ಸಾಲುಗಟ್ಟಿ ನಿಂತಿರುತ್ತಾರೆ, ಕೆಳಗಿನ ಎಂಜಿನ್ ಕೋಣೆಗೆ ಪ್ರಮಾಣಪತ್ರವಿರುವ ಎಂಜಿನಿಯರ್ ಸಿಗುವುದೇ ಕಷ್ಟ. ಮೆಕ್ಯಾನಿಕಲ್ ಪದವೀಧರರಿಗೆಂದೇ ಗ್ರಾಜುಯೇಟ್ ಮರೈನ್ ಎಂಜಿನಿಯರಿಂಗ್ ಎಂಬ ಒಂದು ವರ್ಷದ ಕೋರ್ಸ್ ಇದೆ, ವಯೋಮಿತಿಯೂ ಇದೆ. ಅದನ್ನು ಮುಗಿಸಿ, ವ್ಯಾಪಾರಿ ಹಡಗಿನಲ್ಲಿ ಪರವಾನಗಿ ಗಳಿಸಿ ಬಂದರೆ ಹಾಯಿಹಡಗಿನವರೇ ನಿಮ್ಮನ್ನು ಹುಡುಕಿಯಾರು. ದಾರಿ ಉದ್ದ, ಕೆಲವು ವರ್ಷ ಎಣ್ಣೆ ಮತ್ತು ಗದ್ದಲದಲ್ಲಿ ಕಳೆಯಬೇಕು. ಸಂಬಳದ ಹಾಯಿಬದುಕು ಬೇಕೆಂದರೆ ನಾನು ಕಂಡಂತೆ ನಿಮಗೆ ಇರುವ ಗಟ್ಟಿ ದಾರಿ ಇದೇ.

ನೌಕಾಪಡೆಯ ದಾರಿಯೂ ಇದೆ. ಗೋವಾ ಶಿಪ್‌ಯಾರ್ಡ್ ಕಟ್ಟಿದ ಮೂರು ಕಂಬದ ಬಾರ್ಕ್‌ಗಳಾದ ‘ತರಂಗಿಣಿ’ (1997) ಮತ್ತು ‘ಸುದರ್ಶಿನಿ’ (2012) ಕೊಚ್ಚಿಯಲ್ಲಿವೆ. ‘ತರಂಗಿಣಿ’ 2003-04ರಲ್ಲಿ ಭೂಮಿಗೆ ಸುತ್ತು ಹಾಕಿ ಬಂತು. ನೀವು ಓದಿದ ‘ಕೌಂಡಿನ್ಯ’ 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ ಸೇರಿತು, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗು ಅದು. ಇವುಗಳಲ್ಲಿ ಹೋಗುವವರು ನೌಕಾಪಡೆಯವರು, ಹೊರಗಿನವರು ಅರ್ಜಿ ಹಾಕಿ ಸೇರುವ ವ್ಯವಸ್ಥೆಯಲ್ಲ. ನೌಕಾಪಡೆಯ ಇನ್ನೊಂದು ಹಾಯಿದೋಣಿ ‘ತಾರಿಣಿ’ಯಲ್ಲಿ ಆರು ಮಹಿಳಾ ಅಧಿಕಾರಿಗಳು 2017-18ರಲ್ಲಿ ಜಗತ್ತು ಸುತ್ತಿ ಬಂದದ್ದನ್ನು ಅಮ್ಮನಿಗೆ ಧಾರಾಳವಾಗಿ ಹೇಳಿ. ಆದರೆ ಅದು ಚಿಕ್ಕ ಆಧುನಿಕ ದೋಣಿ, ನೀವು ಹತ್ತಬೇಕೆಂದಿರುವ ಜಾತಿಯದಲ್ಲ. ಹಾಯಿಹಡಗಿನ ಆಸೆಯೊಂದಕ್ಕೇ ನೌಕಾಪಡೆ ಸೇರುವುದು ಮಜ್ಜಿಗೆಗಾಗಿ ಎಮ್ಮೆ ಕೊಂಡಂತೆ. ಆ ಬದುಕೇ ಇಷ್ಟವಿದ್ದರೆ ಸೇರಿ, ಹಾಯಿ ಸಿಕ್ಕರೆ ಲಾಭ.

ಈಗಲೇ ಮಾಡಬಹುದಾದದ್ದು ಏನು ಎಂದರೆ, ಎರಡು ವಾರದ ಯಾನ. 1956ರಲ್ಲಿ ಇಂಗ್ಲೆಂಡಿನ ಟಾರ್ಕಿಯಿಂದ ಲಿಸ್ಬನ್‌ವರೆಗೆ ಮೊದಲು ನಡೆದ ಟಾಲ್ ಶಿಪ್ಸ್ ರೇಸ್ ಈಗಲೂ ಯುರೋಪಿನ ಬೇಸಿಗೆಯಲ್ಲಿ ನಡೆಯುತ್ತದೆ. ಭಾಗವಹಿಸುವ ಹಡಗಿನಲ್ಲಿ ಕನಿಷ್ಠ ಅರ್ಧದಷ್ಟು ಜನ 15ರಿಂದ 25 ವಯಸ್ಸಿನೊಳಗಿರಬೇಕು ಎಂಬ ನಿಯಮವಿದೆ. ಆದ್ದರಿಂದ ನಿಮ್ಮ ವಯಸ್ಸಿನವರಿಗೆ ಬೇಡಿಕೆಯಿದೆ, ಕೆಲವು ಕಡೆ ಶುಲ್ಕದಲ್ಲಿ ಸಹಾಯವೂ ಸಿಗಬಹುದು. ಕಂಪನಿಯಲ್ಲಿ ರಜೆ ಹಾಕಿ ಹೋಗಿಬನ್ನಿ, ಕೆಲಸ ಬಿಡಬೇಡಿ. ತಿಂಗಳುಗಟ್ಟಲೆಯ ಸಾಗರಯಾನದ ಆಸೆ ಆಮೇಲೂ ಉಳಿದರೆ ಆಗ ಉಳಿತಾಯಕ್ಕೆ ಕೈಹಾಕಿ. ಅದಕ್ಕೂ ಮೊದಲು ಬಾದಾಮಿಯಲ್ಲೋ ರಾಮನಗರದಲ್ಲೋ ತರಬೇತುದಾರರ ಜೊತೆ ಬಂಡೆ ಹತ್ತಿ ನೋಡಿ, ಎತ್ತರ ನಿಮಗೆ ಒಗ್ಗುತ್ತದೆಯೇ ಎಂಬುದು ಬಸ್ ಚಾರ್ಜಿನಲ್ಲೇ ತಿಳಿಯುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರು ಎಡವುವುದು ವೀಸಾದಲ್ಲಿ. ಹಡಗು ನೆದರ್‌ಲೆಂಡ್ಸ್‌ನಿಂದ ಹೊರಟು ಬ್ರಿಟನ್ ಮುಟ್ಟಿ ನಾರ್ವೆಗೆ ಹೋದರೆ ನೀವು ಷೆಂಗೆನ್ ವಲಯದಿಂದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಹೊರಬಿದ್ದು ಮತ್ತೆ ಒಳಹೊಕ್ಕಂತೆ. ಒಂದೇ ಪ್ರವೇಶದ ವೀಸಾ ಸಾಲದು, ಬ್ರಿಟನ್ನಿನದೂ ಬೇಕಾಗಬಹುದು. ಬಂದರುಗಳ ಪೂರ್ತಿ ಪಟ್ಟಿ ಕೈಗೆ ಬರುವವರೆಗೆ ಅರ್ಜಿ ಹಾಕಬೇಡಿ. ಚಳಿಗಾಲದ ದುರಸ್ತಿಗೆ ಬನ್ನಿ, ಊಟ ವಸತಿ ಉಚಿತ ಎಂದು ಕೆಲವು ಹಡಗುಗಳು ಸ್ವಯಂಸೇವಕರನ್ನು ಕರೆಯುತ್ತವೆ. ಯುರೋಪಿನವರಿಗೆ ಅದು ಒಳ್ಳೆಯ ಅವಕಾಶ. ನೀವು ಪ್ರವಾಸಿ ವೀಸಾದಲ್ಲಿ ಹೋಗಿ ಸಂಬಳವಿಲ್ಲದೆ ದುಡಿದರೂ ಹಲವು ದೇಶಗಳಲ್ಲಿ ಅದು ಕಾನೂನುಬಾಹಿರ ಕೆಲಸವೇ ಆಗುತ್ತದೆ. ಸಿಕ್ಕಿಬಿದ್ದರೆ ಮುಂದಿನ ವೀಸಾಗಳೂ ಹೋಗುತ್ತವೆ.

ಮಲಗುವ ವ್ಯವಸ್ಥೆಯನ್ನೂ ಕೇಳಿ. ಗಂಡಸರು ಹೆಂಗಸರು ಒಂದೇ ಕೋಣೆಯಲ್ಲಿ, ಪರದೆಯಿರುವ ಬಂಕ್‌ಗಳಲ್ಲಿ ಮಲಗುವುದು ಹಲವು ಹಡಗುಗಳಲ್ಲಿ ಮಾಮೂಲು. ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಮೊದಲೇ ಹೇಳಿ, ಬದಲಿ ವ್ಯವಸ್ಥೆ ಮಾಡುವವರಿದ್ದಾರೆ. ಹಡಗಿನಲ್ಲಿ ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ ದೂರು ಯಾರಿಗೆ, ಕ್ಯಾಪ್ಟನ್ ಮೇಲೆಯೇ ದೂರಿದ್ದರೆ ದಡದ ಮೇಲೆ ಯಾರಿಗೆ ಎಂದು ಬರಹದಲ್ಲಿ ಕೇಳಿ. ಒಳ್ಳೆಯ ಹಡಗಿನ ಕಚೇರಿ ಈ ಪ್ರಶ್ನೆಗೆ ಮುಖ ಸಿಂಡರಿಸುವುದಿಲ್ಲ. ಕಾಯಿಲೆಯಾದರೆ ಊರಿಗೆ ಮರಳಿಸುವ ಖರ್ಚು ಯಾರ ವಿಮೆಯಲ್ಲಿದೆ ಎಂಬುದನ್ನೂ ಅದೇ ಇಮೇಲಿನಲ್ಲಿ ಸೇರಿಸಿ.

ಸಸ್ಯಾಹಾರ ದೊಡ್ಡ ಸಮಸ್ಯೆಯಲ್ಲ. ಅರ್ಜಿಯಲ್ಲೇ ಬರೆಯಿರಿ, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಎಂಬುದನ್ನೂ ಸೇರಿಸಿ. ಅಲ್ಲಿಯವರ ಲೆಕ್ಕದಲ್ಲಿ ಮೊಟ್ಟೆ, ಕೆಲವೊಮ್ಮೆ ಮೀನೂ ಸಸ್ಯಾಹಾರವೇ. ಎರಡನೇ ವಾರಕ್ಕೆ ಸೊಪ್ಪು ತರಕಾರಿ ಮುಗಿದು ಎಲೆಕೋಸು, ಆಲೂಗಡ್ಡೆ, ಬೇಳೆಗೆ ಇಳಿಯುತ್ತಾರೆ, ನಮ್ಮವರಿಗೆ ಅದೇನೂ ಕಷ್ಟವಲ್ಲ. ಅಡುಗೆಯವರಿಗೆ ಪಾತ್ರೆ ತೊಳೆದುಕೊಟ್ಟು ಸ್ನೇಹ ಬೆಳೆಸಿಕೊಳ್ಳಿ. ಉಪ್ಪಿನಕಾಯಿಯನ್ನು ಗಾಜಿನ ಬಾಟಲಿಯಲ್ಲಿ ಒಯ್ಯಬೇಡಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮೇಲೆ ಎರಡು ಸುತ್ತು ಟೇಪ್ ಹಚ್ಚಿ.